ಇಬ್ಬರಿಗೊಂದು ಬಾಟ್ಲು

ಭಾನುವಾರ ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಮ್ಮವ್ವ ಹಿಪ್ಪುನೇರಳೆ ಸೊಪ್ಪಿನ ಮೇಲೆ ರಕ್ತ ಕಾರಿಕೊಂಡಳು. ಅಷ್ಟು ಸರಿಯಾಗಿ ಗಂಟೆ ನೆನಪಿರುವುದು ಬಸ್ಸಿನ ದೆಸೆಯಿಂದ. ಬೆಳಕವಾಡಿ ಕಡೆಯಿಂದ ಬರುವ ಬಸ್ಸು ಹಿಡಿದು ಮಳವಳ್ಳಿಗೆ, ಅಲ್ಲಿಂದ ಭಾರತೀನಗರದ ನನ್ನ ಬಾಡಿಗೆ ಮನೆಗೆ ಹೋಗಬೇಕಿತ್ತು. ಹುಳದ ಮನೆಯ ಬಾಗಿಲಲ್ಲಿ ಬ್ಯಾಗು ಹೆಗಲಿಗೇರಿಸಿಕೊಂಡು ಫೋನಿನಲ್ಲಿ ಹೊತ್ತು ನೋಡುತ್ತಿದ್ದೆ. ಅವ್ವ ಒಮ್ಮೆ ಕೆಮ್ಮಿದಳು. ಸೊಪ್ಪಿನ ಕಂತೆಯನ್ನು ಎದೆಗೆ ಅವುಚಿಕೊಂಡೇ ಬಗ್ಗಿದಳು. ಹಸಿರೆಲೆಯ ಮೇಲೆ ಕಡುಗೆಂಪು, ಗಟ್ಟಿ ಗಟ್ಟಿಯಾಗಿ.

ಎದುರುಮನೆ ಚಿಕ್ಕಮ್ಮ ಮೊದಲು ಮಾಡಿದ್ದು ಆ ಕಂತೆಯನ್ನು ಕಿತ್ತು ಹೊರಗೆಸೆದದ್ದು. ಆಮೇಲೆ ಅವ್ವನನ್ನು ತಬ್ಬಿ ಹಿಡಿದಳು. ಚಿಕ್ಕಮ್ಮ ಎಂದರೆ ರಕ್ತಸಂಬಂಧವಲ್ಲ. ಅವಳೂ ನಮ್ಮವ್ವನೂ ಸೇರಿ ಒಂದೇ ಹುಳದ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹುಳು ಸಾಕುವವರ ಕೈಗೆ ಮೊದಲು ಬರುವ ಬುದ್ಧಿ ಅದು: ಕಾಯಿಲೆ ಬಿದ್ದದ್ದನ್ನು ತಟ್ಟೆಯಿಂದ ದೂರ ಎಸೆಯಬೇಕು. ಒಂದು ಹುಳುವಿಗೆ ರೋಗ ಬಂದರೆ ಇಡೀ ತಟ್ಟೆ ಹೋಗುತ್ತದೆ. ಆ ಮನೆಯೊಳಗೆ ಕಾಲಿಡಬೇಕಾದರೆ ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದಬೇಕು, ಕೈ ತೊಳೆಯಬೇಕು. ಲೆಕ್ಚರರ್ ಆದ ನನ್ನನ್ನೂ ಚಿಕ್ಕಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು. "ಏಯ್, ಎಂಎಸ್ಸಿ! ಕಾಲು ಅದ್ದು ಮೊದ್ಲು. ನಿನ್ ಡಿಗ್ರಿ ನಮ್ ಉಳಕ್ಕೆ ಗೊತ್ತಾಗಕಿಲ್ಲ."

ಇಷ್ಟು ಮಡಿಯ ಹೆಂಗಸರು ಗೂಡು ಮಾರಿದ ಮರುದಿನ ಏನು ಮಾಡುತ್ತಿದ್ದರು ಎನ್ನುವುದನ್ನು ಈಗ ಹೇಳಬೇಕು.

ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಕೊನೆಯ ವಾರ ನಿದ್ದೆಯಿರುವುದಿಲ್ಲ. ಅವು ತಿನ್ನುತ್ತಲೇ ಇರುತ್ತವೆ, ಇವರು ಸೊಪ್ಪು ಹಾಕುತ್ತಲೇ ಇರುತ್ತಾರೆ. ಗೂಡು ಕಟ್ಟಿ, ಬಿಡಿಸಿ, ರಾಮನಗರದ ಗೂಡಿನ ಮಾರುಕಟ್ಟೆಗೆ ಸಾಗಿಸಿದ ಮೇಲೆ ಇಬ್ಬರಿಗೂ ಮೈಯೆಲ್ಲ ನಜ್ಜುಗುಜ್ಜು. ಆಗ ಊರ ಬಸ್‌ಸ್ಟ್ಯಾಂಡಿನ ಪಕ್ಕದ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟ್ಲು ಹಾಕಿಸಿಕೊಳ್ಳುವುದು ಪದ್ಧತಿ, ಹುಳದ ಬೆಳೆಯೊಂದಕ್ಕೆ ಒಂದು ಸಲ. ಒಬ್ಬರಿಗೆ ಒಂದು ಪೂರ್ತಿ ಬಾಟ್ಲು ಜಾಸ್ತಿಯೆಂದು ಇಬ್ಬರಿಗೂ ಅನ್ನಿಸುತ್ತಿತ್ತು. ಒಬ್ಬಳಿಗೆ ಅರ್ಧ ಇಳಿದ ಮೇಲೆ ಸೂಜಿ ಬದಲಿಸಿ, ಅದೇ ಬಾಟ್ಲು, ಅದೇ ಪೈಪು, ಇನ್ನೊಬ್ಬಳಿಗೆ. ನಮ್ಮ ಬೀದಿಯಲ್ಲಿ ಗಂಡ ಹೆಂಡತಿ ಹೀಗೆ ಹಂಚಿಕೊಳ್ಳುತ್ತಿದ್ದರು, ಅತ್ತೆ ಸೊಸೆ ಹಂಚಿಕೊಳ್ಳುತ್ತಿದ್ದರು. ಮಿಕ್ಕಿದ ಗ್ಲೂಕೋಸನ್ನು ಚೆಲ್ಲುವುದೆಂದರೆ ಮಿಕ್ಕಿದ ಅನ್ನವನ್ನು ತಿಪ್ಪೆಗೆ ಸುರಿದಷ್ಟೇ ಸಂಕಟ. ಕ್ಲಿನಿಕ್ಕಿನವನು ತಮಾಷೆ ಮಾಡುತ್ತಿದ್ದನಂತೆ: "ಏನ್ರವ್ವ, ಇವತ್ತು ಫುಲ್ಲಾ, ಆಫಾ?" ಇವರಿಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರಂತೆ.

ಇದೆಲ್ಲ ನನಗೆ ತಿಳಿದದ್ದು ಮಂಡ್ಯದ ಆಸ್ಪತ್ರೆಯಲ್ಲಿ. ಗಂಟಲೊಳಗೆ ಕೊಳವೆ ಇಳಿಸಿ, ಊದಿ ಒಡೆದಿದ್ದ ರಕ್ತನಾಳಗಳಿಗೆ ರಬ್ಬರ್ ಬ್ಯಾಂಡು ಬಿಗಿದು ಅವ್ವನನ್ನು ಉಳಿಸಿದರು. ಲಿವರು ಗಟ್ಟಿಯಾಗಿದೆ, ಅದಕ್ಕೇ ರಕ್ತ ದಾರಿ ಸಿಗದೆ ಅನ್ನನಾಳದ ಕಡೆಗೆ ನುಗ್ಗಿದೆ ಎಂದರು. ಕಾರಣ ಹೆಪಟೈಟಿಸ್ ಸಿ. ಜೊತೆಗೆ ಬಂದಿದ್ದ ಚಿಕ್ಕಮ್ಮನಿಗೂ ಒಂದು ಪರೀಕ್ಷೆ ಮಾಡಿಬಿಡೋಣ ಎಂದು ನಾನೇ ಒತ್ತಾಯಿಸಿದೆ. ಅವಳಿಗೂ ಇತ್ತು.

"ರಕ್ತದಿಂದ ರಕ್ತಕ್ಕೆ ಬರೋದು ಇದು. ಇಂಜೆಕ್ಷನ್ನು, ಡ್ರಿಪ್ಪು ಏನಾದ್ರೂ ಹಾಕಿಸ್ಕೊಂಡಿದ್ರಾ?" ಎಂದು ಡಾಕ್ಟರು ಕೇಳಿದಾಗ ಅವ್ವ ಮಂಚದ ಮೇಲಿಂದ ತಟ್ಟನೆ ಹೇಳಿದಳು, "ಇಲ್ದೇ ಏನು? ಬೆಳೆಗೊಂದ್ಕಿತ. ನಾವಿಬ್ರೂ ಅರ್ಧರ್ಧ."

ಡಾಕ್ಟರು ಬರೆಯುತ್ತಿದ್ದುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಬಿಎಸ್ಸಿ ಮಕ್ಕಳಿಗೆ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವಳೆಂದು ಅವರಿಗೆ ಆಗಲೇ ಹೇಳಿದ್ದೆ.

ಆ ಕ್ಷಣದಲ್ಲಿ ನನಗೆ ದುಃಖವಾಗಲಿಲ್ಲ. ಇದನ್ನು ಸುಳ್ಳು ಹೇಳದೆ ಬರೆಯಬೇಕು. ನನಗೆ ಆ ಕ್ಲಿನಿಕ್ಕಿನವನು ಬೇಕು ಅನ್ನಿಸಿತು. ಅವನನ್ನು ಅದೇ ಮಂಚದ ಮೇಲೆ ಮಲಗಿಸಿ, ಅವನ ತೋಳಿನ ನರ ಹುಡುಕಿ, ನಮ್ಮವ್ವನ ರಕ್ತ ಕಂಡ ಪೈಪನ್ನು ಅವನಿಗೆ ಜೋಡಿಸಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರಬೇಕು ಅನ್ನಿಸಿತು. ಫುಲ್ಲಾ, ಆಫಾ ಎಂದು ಕೇಳಬೇಕು ಅನ್ನಿಸಿತು.

ಅವ್ವ ಮನೆಗೆ ಬಂದ ಮರುದಿನ ಕ್ಲಿನಿಕ್ಕಿಗೆ ಹೋದೆ. ಅವನು ಹಿಂದೆ ಎಲ್ಲೋ ಕಾಂಪೌಂಡರ್ ಆಗಿದ್ದವನು, ಇಪ್ಪತ್ತು ವರ್ಷದ ಮೇಲಾಗಿತ್ತು ನಮ್ಮೂರಿಗೆ ಬಂದು. ಎಲ್ಲರೂ ಡಾಕ್ಟ್ರು ಅನ್ನುತ್ತಿದ್ದರು. ಒಳಗೆ ಎರಡು ಮಂಚ. ಒಂದರ ಮೇಲೆ ಒಬ್ಬ ಮುದುಕ ಬಾಟ್ಲು ಹಾಕಿಸಿಕೊಂಡಿದ್ದ, ಅವನ ಹೆಂಡತಿ ಪಕ್ಕದಲ್ಲಿ ಸರದಿ ಕಾಯುತ್ತ ಕೂತಿದ್ದಳು. ಮುದುಕನಿಗೆ ಎಲೆಅಡಿಕೆ ಉಗಿಯಬೇಕಾಯಿತು. ಕೊಕ್ಕೆಯಿಂದ ಬಾಟ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕಿಟಕಿಯತ್ತ ವಾಲಿದ. ಬಾಟ್ಲು ಕೈಗಿಂತ ಕೆಳಗಾದೊಡನೆ ಅವನ ರಕ್ತ ಪೈಪಿನೊಳಗೆ ಹತ್ತತೊಡಗಿತು. ಮೊದಲು ದಾರದಷ್ಟು, ಆಮೇಲೆ ಗೇಣುದ್ದ. ಅವನು ಉಗಿದು ಬಾಟ್ಲನ್ನು ಮತ್ತೆ ನೇತುಹಾಕಿದ, ಕೆಂಪು ಕೆಳಗಿಳಿಯಿತು, ಪೈಪು ಮತ್ತೆ ತಿಳಿಯಾಯಿತು. ಏನೂ ನಡೆದೇ ಇಲ್ಲ ಎನ್ನುವಂತೆ. ಸ್ವಲ್ಪ ಹೊತ್ತಿಗೆ ಕ್ಲಿನಿಕ್ಕಿನವನು ಬಂದು, ಸೂಜಿ ಕಿತ್ತು, ಹೊಸ ಸೂಜಿ ಸಿಕ್ಕಿಸಿ, ಆ ಪೈಪನ್ನೇ ಮುದುಕಿಯ ಕೈಗೆ ತಂದ.

ಇವತ್ತಿಗೂ ತರಗತಿಯಲ್ಲಿ ಬೋರ್ಡಿನ ಮೇಲೆ ಗೆರೆ ಎಳೆಯುವಾಗ ಆ ಕೆಂಪು ದಾರ ಮೇಲೇರುವುದು ಕಾಣುತ್ತದೆ. ಕೈ ನಿಂತುಬಿಡುತ್ತದೆ. ಮಕ್ಕಳು ಬರೆಯುವುದನ್ನು ನಿಲ್ಲಿಸಿ ಕಾಯುತ್ತಾರೆ.

ಅಂದು ನಾನು ಕಿರುಚಿದೆ. "ತೆಗೀರಿ ಅದನ್ನ! ಪೈಪಲ್ಲಿ ರಕ್ತ ಬಂದಿತ್ತು, ನಾನೇ ನೋಡ್ದೆ."

"ಏನ್ ಮೇಡಮ್ಮೋರೆ," ಅಂದ ಅವನು ನಗುತ್ತ, "ಕಾಲೇಜಲ್ಲಿ ಮಕ್ಳು ಮಾತು ಕೇಳ್ತಿಲ್ವಾ? ಇಲ್ಲಿ ಬಂದು ಕೂಗ್ತಿದ್ದೀರಾ. ಸೂಜಿ ಬದಲಾಯಿಸಿದ್ದು ಕಾಣ್ಲಿಲ್ವಾ?"

ಮುದುಕಿ ನನ್ನ ಮೇಲೇ ಹರಿಹಾಯ್ದಳು. "ಯಾರವ್ವ ನೀನು? ನಮ್ ಬಾಟ್ಲಿಗೆ ನಿಂಗ್ಯಾಕೆ ಉರಿ? ನನ್ ಗಂಡುನ್ ರಕ್ತ ನಂಗ್ ಬಂದ್ರೆ ಏನ್ ಮುಳುಗೋಯ್ತದೆ? ಅವನ ಜೊತೆ ಇಷ್ಟ್ ವರ್ಸ ಬಾಳಾಟ ಮಾಡಿವ್ನಿ, ಅದಕ್ಕಿಂತ ರೋಗ ಬೇಕಾ?"

ಹೊರಗೆ ಕೂತಿದ್ದವರೆಲ್ಲ ನಕ್ಕರು. ನಾನು ಫೋನ್ ಎತ್ತಿ ಚಿತ್ರ ತೆಗೆಯಹೋದೆ. ಹಿಂದಿನಿಂದ ಯಾರೋ ಕೈಗೆ ಹೊಡೆದರು, ಫೋನು ಮೋರಿಗೆ ಬಿತ್ತು. ಇಬ್ಬರು ಗಂಡಸರು ನನ್ನ ತೋಳು ಹಿಡಿದು ರಸ್ತೆಗೆ ತಳ್ಳಿದರು. ಬಿದ್ದಲ್ಲಿಂದ ಏಳುವಾಗ ಅವನು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ನಿಮ್ಮವ್ವನ್ನ ನೋಡ್ಕೊ ಹೋಗಮ್ಮ."

ಅದು ನನಗೆ ಬುದ್ಧಿಮಾತಾಗಿ ಕೇಳಲಿಲ್ಲ, ಬೆದರಿಕೆಯಾಗಿ ಕೇಳಿತು. ಅಂದಿನಿಂದ ನನಗೆ ನಿದ್ದೆ ಹತ್ತದಾಯಿತು.

ದೂರು ಕೊಟ್ಟೆ. ತಾಲ್ಲೂಕಿನ ಆರೋಗ್ಯಾಧಿಕಾರಿ ಒಬ್ಬ ನಿಧಾನದ ಹೆಂಗಸು, ಪೂರ್ತಿ ಕೇಳಿಸಿಕೊಂಡರು. ಊರಿಗೆ ಬಂದು ವಿಚಾರಿಸಿ ಹೋದ ಮೇಲೆ ನನ್ನನ್ನು ಕರೆಸಿದರು. "ನಂಬ್ತೀನಿ ನಿಮ್ಮನ್ನ. ಆದ್ರೆ ಅವನು ಪ್ರತೀ ಸಲ ಹೊಸ ಪೈಪ್ ಸೆಟ್ಟೇ ಹಾಕ್ತೀನಿ ಅಂತಾನೆ. ಆ ಮುದುಕ ಮುದುಕಿನೂ ಹಾಗೇ ಹೇಳಿದ್ದಾರೆ. ನಿಮ್ಮ ತಾಯಿ ಒಬ್ಬರ ಮಾತಿನ ಮೇಲೆ ಕೇಸು ನಿಲ್ಲಲ್ಲ. ಎದುರುಮನೆಯವರು ಸಾಕ್ಷಿ ಹೇಳ್ತಾರಾ?"

ಚಿಕ್ಕಮ್ಮ ಹೇಳಲಿಲ್ಲ. ಅವಳ ಮೊಮ್ಮಗಳಿಗೆ ಹಿಂದೊಮ್ಮೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದಾಗ ಅವನೇ ತನ್ನ ಬೈಕಿನಲ್ಲಿ ಮಳವಳ್ಳಿಗೆ ಹೊತ್ತೊಯ್ದು ಉಳಿಸಿದ್ದ. "ಅವನ್ನ ಜೈಲಿಗ್ ಕಳ್ಸಕ್ಕೆ ನನ್ ನಾಲ್ಗೆ ಏಳಕಿಲ್ಲ ಕಣಮ್ಮ," ಅಂದಳು. "ಬಾಟ್ಲು ಅರ್ಧ ಮಾಡು ಅಂದೋರೂ ನಾವೇಯ. ಬುಡು, ಗೌರ್ಮೆಂಟೋರು ಮಾತ್ರೆ ಕೊಡ್ತಾವ್ರಲ್ಲ, ನುಂಗದ್ರಾಯ್ತು."

ಮಾತ್ರೆ ನಿಜ. ಈಗ ಈ ರೋಗಕ್ಕೆ ಒಳ್ಳೆಯ ಮಾತ್ರೆಗಳಿವೆ, ಕೆಲವು ತಿಂಗಳು ತಪ್ಪದೆ ನುಂಗಿದರೆ ವೈರಸ್ ಮೈಯಿಂದ ಹೋಗಿಬಿಡುತ್ತದೆ. ಆದರೆ ವೈರಸ್ ಹೋದರೆ ಅವನ ವಿರುದ್ಧ ಇದ್ದ ಒಂದೇ ಸಾಕ್ಷಿಯೂ ಹೋಗುತ್ತಿತ್ತು. ಮನುಷ್ಯರು ಬಾಯಿ ಬಿಡದಿದ್ದರೆ ವೈರಸ್ಸೇ ಹೇಳಲಿ ಎಂದುಕೊಂಡೆ. ನನ್ನ ಜೊತೆ ಎಂಎಸ್ಸಿ ಓದಿದ ಗೆಳತಿಯೊಬ್ಬಳು ಬೆಂಗಳೂರಿನ ಸಂಶೋಧನಾಲಯವೊಂದರಲ್ಲಿ ಇಂಥ ವೈರಸ್‌ಗಳ ಜೀನುಗಳನ್ನೇ ಓದುತ್ತಿದ್ದಳು. ಅವಳು ಹೇಳಿದಳು: "ಮಾತ್ರೆ ಶುರು ಮಾಡೋ ಮೊದಲು ಇಬ್ಬರದೂ ಒಂದೊಂದು ಟ್ಯೂಬ್ ರಕ್ತ ತಗೋ. ಇಬ್ಬರೂ ಒಪ್ಪಿ ಸಹಿ ಹಾಕಿರಬೇಕು. ಅವನದೂ, ಅಲ್ಲಿ ಬಾಟ್ಲು ಹಾಕಿಸ್ಕೊಂಡ ಬೇರೆಯವರದೂ ಸಿಕ್ಕಿದ್ರೆ ಒಳ್ಳೇದು." ಅವನು ಕೊಡಲಿಲ್ಲ. ಬೀದಿಯ ಉಳಿದವರೂ ಕೊಡಲಿಲ್ಲ, ಹೆಣ್ಣುಮಕ್ಕಳ ಮದುವೆ ಇದೆ ಅಂದರು. ಚಿಕ್ಕಮ್ಮ ಮಾತ್ರ ತೋಳು ಚಾಚಿದಳು. "ಓದೋಕೆ ತಾನೆ? ತಕೋ. ಸಾಕ್ಷಿ ಗೀಕ್ಷಿ ನಂಗ್ ಗೊತ್ತಿಲ್ಲ."

ಟ್ಯೂಬುಗಳು ಬೆಂಗಳೂರಿಗೆ ಹೋದ ಮರುದಿನವೇ ಇಬ್ಬರೂ ಮಾತ್ರೆ ಶುರು ಮಾಡಿದರು.

ಗೆಳತಿ ಏನು ಹುಡುಕುತ್ತಿದ್ದಳು ಎನ್ನುವುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವ ಹಾಗೆ ಹೇಳುತ್ತೇನೆ. ಈ ವೈರಸ್ ತನ್ನನ್ನು ತಾನು ನಕಲು ಮಾಡುವಾಗ ಅಕ್ಷರ ತಪ್ಪುತ್ತದೆ, ತಪ್ಪನ್ನು ತಿದ್ದುವ ಏರ್ಪಾಡು ಅದಕ್ಕಿಲ್ಲ. ಹಾಗಾಗಿ ಒಬ್ಬ ರೋಗಿಯ ಮೈಯಲ್ಲಿ ಇರುವುದು ಒಂದೇ ವೈರಸ್ ಅಲ್ಲ, ಒಂದು ಜಾತ್ರೆ. ಎಲ್ಲವೂ ಒಂದೇ ಮನೆಯವೇ, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ನಮ್ಮ ದೇಹ ಒಂದು ಮುಖವನ್ನು ಗುರುತು ಹಿಡಿದು ಹೊಡೆಯುವಷ್ಟರಲ್ಲಿ ಬೇರೆ ಮುಖದವು ಬೆಳೆದಿರುತ್ತವೆ. ಅದಕ್ಕೇ ಇದು ವರ್ಷಗಟ್ಟಲೆ ಸಿಕ್ಕಿಬೀಳದೆ ಬದುಕುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಮಾತ್ರ ಆ ಗುಂಪೆಲ್ಲ ದಾಟುವುದಿಲ್ಲ. ಪೈಪಿನಲ್ಲಿ ಉಳಿದ ಒಂದು ಹನಿಯಲ್ಲಿ ಕೆಲವೇ ಕೆಲವು ಹೋಗುತ್ತವೆ, ಹೊಸ ಮೈಯಲ್ಲಿ ಅವುಗಳಿಂದಲೇ ಹೊಸ ಸಂಸಾರ. ಅಂದರೆ, ಹಳೆಯ ರೋಗಿಯೊಳಗೆ ವೈವಿಧ್ಯ ಹೆಚ್ಚು, ಹೊಸಬರೊಳಗೆ ಕಡಿಮೆ. ಈ ತಪ್ಪುಗಳನ್ನು ಹೋಲಿಸಿ ವಂಶವೃಕ್ಷ ಬರೆದರೆ ಹೊಸಬರ ಕುಟುಂಬ ಹಳಬರ ಮರದ ಒಂದು ಕೊಂಬೆಯಾಗಿ ಕಾಣುತ್ತದೆ.

ನನಗೆ ಬೇಕಾಗಿದ್ದ ಮರ ಯಾವುದೆಂದು ಗೊತ್ತಿತ್ತು. ಅವ್ವ ಒಂದು ಕೊಂಬೆ, ಚಿಕ್ಕಮ್ಮ ಒಂದು ಕೊಂಬೆ, ಎರಡೂ ಹುಟ್ಟಿದ ಕಾಂಡ ಅವನ ಕ್ಲಿನಿಕ್ಕಿನಲ್ಲಿ ಯಾರೋ ಮೂರನೆಯವರದು. ಕಾಯುವ ಆ ವಾರಗಳಲ್ಲಿ ದಿನವೂ ಕಾಲೇಜಿನಿಂದ ಬರುವಾಗ, ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳುತ್ತಿದ್ದಾಗ, ಆ ಮರವನ್ನು ಅವನ ಮುಖಕ್ಕೆ ಹಿಡಿಯುವುದನ್ನು ಮನಸ್ಸಿನಲ್ಲಿ ಆಡಿ ನೋಡುತ್ತಿದ್ದೆ. ಒಂದೊಂದು ದಿನ ಅವನು ಅಳುತ್ತಿದ್ದ. ಒಂದೊಂದು ದಿನ ಕಾಲು ಹಿಡಿಯುತ್ತಿದ್ದ. ನಾನು ಎಂದೂ ಬಿಡುತ್ತಿರಲಿಲ್ಲ.

ಗೆಳತಿ ಫೋನ್ ಮಾಡಿದಾಗ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.

"ಎರಡೂ ಒಂದೇ ಮರ. ಅನುಮಾನವೇ ಇಲ್ಲ. ಮೊದಲನೇ ಟ್ಯೂಬಿನಿಂದ ಎರಡನೇದಕ್ಕೆ ಹೋಗಿದೆ. ಎರಡನೇದು ಈಚಿನದು, ಬಹಳ ಚಿಕ್ಕ ಕೊಂಬೆ, ಮೊದಲನೇದರ ಒಳಗೇ ಕೂತಿದೆ."

"ಮೊದಲನೇದು ನಮ್ಮವ್ವ," ಅಂದೆ.

"ನಿಮ್ಮಮ್ಮನ ಒಳಗೆ ಇರೋ ವೈವಿಧ್ಯ ನೋಡಿದ್ರೆ ಇದು ತುಂಬಾ ಹಳೇ ಸೋಂಕು ಕಣೇ. ಈ ಕ್ಲಿನಿಕ್ಕಿಗಿಂತ ಹಿಂದಿಂದು ಅನ್ಸುತ್ತೆ. ಖಚಿತವಾಗಿ ವರ್ಷ ಹೇಳೋಕಾಗಲ್ಲ. ಹಿಂದೆ ಯಾವಾಗಾದ್ರೂ ಅವರಿಗೆ ರಕ್ತ ಕೊಟ್ಟಿದ್ರಾ?"

ಆ ಸಂಜೆ ಊರಿಗೆ ಹೋದೆ. ಅವ್ವ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ರಕ್ತ ಕೊಟ್ಟಿದ್ದರಾ ಎಂದು ಕೇಳಿದೆ.

"ಕೊಟ್ಟಿದ್ರಲ್ಲ. ನಿನ್ನ ಎತ್ತಾಗ. ಮಂಡ್ಯದಾಗೆ. ಎರಡು ಬಾಟ್ಲು ರಕ್ತ ಆಕುದ್ರಂತೆ, ನಂಗ್ ಗ್ಯಾನ ಇರ್ಲಿಲ್ಲ. ನಿಮ್ಮಪ್ಪ ಏಳ್ತಿತ್ತು." ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಯಾಕ್ ಮಗ?"

ಅದು ಯಾವುದೋ ಸಣ್ಣ ನರ್ಸಿಂಗ್ ಹೋಮ್. ಈಗಿಲ್ಲ. ಆ ಜಾಗದಲ್ಲಿ ಪಾತ್ರೆ ಅಂಗಡಿ ಇದೆ. ರಕ್ತ ಕೊಟ್ಟವನು ಯಾರೋ, ಆಗ ಈ ವೈರಸ್‌ಗೆ ಪರೀಕ್ಷೆ ಮಾಡುವ ರೂಢಿಯೇ ಅಲ್ಲಿರಲಿಲ್ಲ. ನಾನು ಆ ಅಂಗಡಿಯ ಮುಂದೆ ಹೋಗಿ ನಿಂತೆ ಕೂಡ. ಸ್ಟೀಲ್ ಬಿಂದಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಏನು ಬೇಕು ಮೇಡಂ ಎಂದು ಕೇಳಿದರು. ಕೈಗೆ ಸಿಗಬೇಕಾದವರು ಅಲ್ಲಿ ಯಾರೂ ಇರಲಿಲ್ಲ. ನನ್ನ ಕೋಪ ನಾನು ಹುಟ್ಟಿದ ದಿನದವರೆಗೆ ಹೋಗಿ, ಬಾಗಿಲು ಹಾಕಿದ್ದು ನೋಡಿ ವಾಪಸ್ಸು ಬಂತು. ಬಂದು ಮತ್ತೆ ಕ್ಲಿನಿಕ್ಕಿನವನ ಮೇಲೇ ಕೂತಿತು, ಮೊದಲಿಗಿಂತ ಬಿಸಿಯಾಗಿ. ನಮ್ಮವ್ವನಿಗೆ ರೋಗ ಕೊಟ್ಟವನು ಅವನಲ್ಲ, ಸರಿ. ನಮ್ಮವ್ವನ ರೋಗವನ್ನು ಅವಳ ಜೀವದ ಗೆಳತಿಯ ಮೈಗೆ ಸುರಿದವನು ಅವನು. ನಮ್ಮವ್ವನ ಕೈಯಲ್ಲೇ ಆ ಕೆಲಸ ಮಾಡಿಸಿದವನು. ಇದು ನನಗೆ ಹೆಚ್ಚಿನ ಅಪರಾಧವಾಗಿ ಕಂಡಿತು.

ಆದರೆ ಈ ಮರವನ್ನು ಅಧಿಕಾರಿಯ ಮುಂದಿಟ್ಟರೆ ಅವನು ಮೊದಲು ಹೇಳುವ ಮಾತು ಏನೆಂದು ನನಗೆ ಗೊತ್ತಿತ್ತು. ರೋಗ ಇವರವ್ವನದು ಅನ್ನುತ್ತಾನೆ. ಬೀದಿಯೂ ಅದನ್ನೇ ಅನ್ನುತ್ತದೆ. ಅವ್ವ ತಂದ ನೀರು, ಅವ್ವ ಕೊಟ್ಟ ಮಜ್ಜಿಗೆ, ಎಲ್ಲ ನಿಲ್ಲುತ್ತದೆ. ಈ ರೋಗ ಊಟದಿಂದ ಬರುವುದಿಲ್ಲ ಎಂದು ನಾನು ಮನೆಮನೆಗೆ ಹೋಗಿ ಪಾಠ ಮಾಡಿದರೂ ಅಷ್ಟೇ.

ಮೂರು ದಿನ ಬಾಯಿ ಬಿಡಲಿಲ್ಲ. ಆಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಅಂದೂ ಅವರೆಕಾಯಿ ಬಿಡಿಸುತ್ತಿದ್ದವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅಂದ್ರೆ ನನ್ನಿಂದ ಓಯ್ತು ಅವಳಿಗೆ."

"ಪೈಪಿಂದ ಹೋಯ್ತು ಅವ್ವ."

"ನಂಗೆ ಸಮಾಧಾನ ಏಳ್ಬೇಡ. ಆ ಕಾಗದ ಕೊಟ್ರೆ ಅವನ ಅಂಗ್ಡಿ ಮುಚ್ತಾರಾ?"

"ಮುಚ್ಚಬಹುದು. ಆದ್ರೆ ನಿನ್ನ ಹೆಸರು ಬೀದಿಗೆ ಬೀಳುತ್ತೆ."

"ಬೀಳ್ಲಿ. ಅಲ್ಲೇ ಬಿದ್ದಿರ್ಲಿ. ಅಂಗೆ ಅರ್ಧರ್ಧ ಆಕುಸ್ಕಳೋ ಗಂಡ ಎಂಡ್ರು ಎಷ್ಟ್ ಜನ ಅವ್ರೆ ಗೊತ್ತಾ ನಿಂಗೆ?" ಸೆರಗು ಕೊಡವಿ ಎದ್ದಳು. "ಮೊದ್ಲು ಅವಳಿಗೆ ನಾನೇ ಏಳ್ತೀನಿ. ಬ್ಯಾರೆಯವ್ರ ಬಾಯಿಂದ ಬ್ಯಾಡ."

ರಸ್ತೆ ದಾಟಿ ಹೋದಳು. ನಾನು ಜಗಲಿಯಿಂದಲೇ ನೋಡುತ್ತಿದ್ದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಮರುದಿನ ಹುಳದ ಮನೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವ್ವ ಒಬ್ಬಳೇ ಎರಡು ಆಳಿನ ಸೊಪ್ಪು ಹೊತ್ತಳು, ನಾನು ಬೇಡವೆಂದರೂ ಕೇಳಲಿಲ್ಲ.

ಮಳವಳ್ಳಿಯಲ್ಲಿ ಆರೋಗ್ಯಾಧಿಕಾರಿಯ ಮುಂದೆ ವಿಚಾರಣೆಯ ದಿನ ಬಂತು. ಚಿಕ್ಕಮ್ಮ ಬಂದಳು, ಆದರೆ ಅವನ ಕಾರಿನಲ್ಲಿ. ಇಳಿದವಳು ನಮ್ಮತ್ತ ನೋಡದೆ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಅವನ ಪರ ಸಾಕ್ಷಿ. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಅಧಿಕಾರಿ ಅವನನ್ನು ಕೇಳಿದರು. ಅವನು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ತಾನು ಬರೀ ಪ್ರಥಮ ಚಿಕಿತ್ಸೆ ಮಾಡುವವನು, ಬಾಟ್ಲು ಹಾಕಿದ್ದು ಅಪರೂಪ, ಹಾಕಿದರೂ ಒಬ್ಬೊಬ್ಬರಿಗೂ ಹೊಸ ಬಾಟ್ಲು, ಹೊಸ ಪೈಪು ಎಂದ. "ಬೇಕಾದ್ರೆ ಇವರನ್ನೇ ಕೇಳಿ ಮೇಡಂ," ಎಂದು ಚಿಕ್ಕಮ್ಮನತ್ತ ಕೈ ತೋರಿಸಿದ.

"ಚಿಕ್ಕಮ್ಮನ್ನ ಕೇಳೋ ಮೊದ್ಲು ಈ ವರದಿನ ಇವರೂ ಓದ್ಲಿ ಮೇಡಂ," ಎಂದು ಹಾಳೆಯನ್ನು ಅವನತ್ತ ಸರಿಸಿದೆ. "ಓದೋ ಹಕ್ಕು ಇವರಿಗೂ ಇದೆ." ಗೆಳತಿ ಕಳಿಸಿದ್ದರ ಕನ್ನಡ ಸಾರಾಂಶವನ್ನು ನಾನೇ ಬರೆದಿದ್ದೆ. ಮೊದಲನೇ ರೋಗಿಯಿಂದ ಎರಡನೇ ರೋಗಿಗೆ ಎನ್ನುವ ಸಾಲಿನ ಕೆಳಗೆ ಗೆರೆ ಎಳೆದಿದ್ದೆ. ಮೊದಲನೇ ರೋಗಿ ಯಾರು ಎನ್ನುವುದನ್ನೂ ಬರೆದಿದ್ದೆ. ಬೇಕೆಂದೇ. ಅವನ ಕಣ್ಣು ಆ ಗೆರೆಯ ಮೇಲೆ ಹೋಗಿ ನಿಂತದ್ದನ್ನು, ತುಟಿ ಸಡಿಲವಾದದ್ದನ್ನು ನೋಡುತ್ತಲೇ ಇದ್ದೆ. ಗಾಳದ ತುದಿಯ ಎರೆಯನ್ನು ಮೀನು ಮೂಸುವುದನ್ನು ನೋಡುವವರ ಸುಖ ನನಗಿತ್ತು. ಆ ಎರೆ ನಮ್ಮವ್ವ ಎನ್ನುವುದೂ ಗೊತ್ತಿತ್ತು.

"ಇಲ್ನೋಡಿ ಮೇಡಂ!" ಅವನು ಎದ್ದೇ ನಿಂತ. "ಇವರ ಪೇಪರೇ ಹೇಳ್ತದೆ. ರೋಗ ನಂದಲ್ಲ, ನನ್ನ ಕ್ಲಿನಿಕ್ಕಿಂದಲ್ಲ. ಇವರವ್ವನದೇ. ಅವರ ರೋಗನೇ ಇವರಿಗೆ ಅಂಟಿರೋದು. ಇಷ್ಟ್ ದಿವ್ಸ ನನ್ನ ಮಾನ ಕಳೆದ್ರಲ್ಲ!"

ಅಧಿಕಾರಿ ಪೆನ್ನು ಕೆಳಗಿಡಲಿಲ್ಲ. "ಸರಿ. ಅವರ ರಕ್ತ ಇವರ ಮೈಗೆ ಹೇಗೆ ಹೋಯ್ತು?"

"ಹೇಗೆ ಅಂದ್ರೆ, ಒಂದೇ ಬಾಟ್ಲಲ್ಲಿ ಇಬ್ಬರಿಗೂ ಹಾಕಿ ಅಂತ ಇವರೇ ಗೋಳುಯ್ಕೊಳ್ತಿದ್ರು ಮೇಡಂ. ನಾನು ಬೇಡ ಅಂದ್ರೂ ಕೇಳ್ತಿರ್ಲಿಲ್ಲ. ಸೂಜಿ ಮಾತ್ರ ನಾನು ಪ್ರತೀ ಸಲ ಬದಲಾಯಿಸಿದ್ದೀನಿ, ದೇವ್ರಾಣೆ."

"ಪೈಪು?"

ಅವನು ಹಾಳೆಯನ್ನು ಮೇಜಿನ ಮೇಲೆ ಹಾಕಿದ. ತಾನು ಆಗಲೇ ಹೇಳಿಬಿಟ್ಟಿದ್ದೇನೆ ಎನ್ನುವುದು ಅವನ ಮುಖಕ್ಕೆ ನಿಧಾನವಾಗಿ ಬಂತು. ಅದನ್ನು ನಾನು ಒಂದು ಚೂರೂ ಬಿಡದೆ ನೋಡಿದೆ. ಬಸ್ಸಿನಲ್ಲಿ ಕೂತು ಆಡಿ ನೋಡಿದ್ದ ಯಾವ ದೃಶ್ಯದಲ್ಲೂ ಅವನು ಇಷ್ಟು ಚೆಂದ ಕಂಡಿರಲಿಲ್ಲ.

ಆಗ ಚಿಕ್ಕಮ್ಮ ಎದ್ದಳು.

"ಎಲಾ ಇವ್ನ! ಒಸಾ ಪೈಪು ಅಂತ ಏಳು, ಒಸಾ ಪೈಪು ಅಂತ ಏಳು ಅಂತ ದಾರೀವುದ್ದಕ್ಕೂ ನಂಗೆ ಪಾಠ ಏಳ್ಕಂಡು ಬಂದ್ಯಲ್ಲೋ! ನನ್ ಮೊಮ್ಮಗಳ ಮಕ ನೋಡಿ ನಾನೂ ಏಳಾನ ಅಂತಿದ್ದೆ. ಈಗ ನನ್ ಮುಂದೇನೇ ಅವಳ ತಲೆಗೆ ಕಟ್ತೀಯಾ? ಅವಳು ನನ್ ಮನೆ ಬಾಗ್ಲಿಗೆ ಬಂದು ನನ್ನಿಂದ ಆಯ್ತು ಕಣೇ ಅಂದ್ಳು. ಅವಳಾ ಪೈಪು ಇಡ್ಕಂಡಿದ್ದು? ನೀನಲ್ವಾ?" ಅಧಿಕಾರಿಯತ್ತ ತಿರುಗಿದಳು. "ಬರ್ಕೊಳವ್ವ. ಒಂದೇ ಬಾಟ್ಲು, ಒಂದೇ ಪೈಪು, ಬೆಳೆಗೊಂದ್ಕಿತ. ನಂಗ್ ಸಯ್ನು ಬತ್ತದೆ, ಎಬ್ಬೆಟ್ಟಲ್ಲ."

ಹಿಂತಿರುಗುವಾಗ ಅವಳು ನಮ್ಮ ಜೊತೆ ಬಸ್ಸಿಗೆ ಹತ್ತಿದಳು. ಅವ್ವನ ಪಕ್ಕದಲ್ಲೇ ಕೂತಳು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಕೇಳಿದಳು, "ಉಳ ಯಾವ ಜ್ವರದಲ್ಲವೆ?" ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ.

"ಮೂರ್ನೇದು ಎದ್ದವೆ," ಅಂದಳು ಅವ್ವ. "ನೀನ್ ಮಕ ಊದುಸ್ಕಂಡು ಕುಂತಿದ್ರೆ ಅವು ಕಾಯ್ತವಾ?"

"ಊದುಸ್ದೇ ಏನ್ ಮಾಡ್ಲಿ? ರೋಗ ಕೊಟ್ಟೋಳಿಗೆ ಆರತಿ ಎತ್ಲಾ?"

ಅವ್ವ ನಕ್ಕಳು. ಚಿಕ್ಕಮ್ಮ ನಗಲಿಲ್ಲ, ಆದರೆ ಇಳಿಯುವಾಗ ಅವ್ವನ ಚೀಲವನ್ನು ಅವಳೇ ಹೊತ್ತಳು.

ಕ್ಲಿನಿಕ್ಕಿನ ಬಾಗಿಲಿಗೆ ಬೀಗ ಹಾಕಿ ಮೊಹರು ಒತ್ತಿದ ದಿನ ನಾನು ರಜೆ ಹಾಕಿ ಎದುರಿನ ಟೀ ಅಂಗಡಿಯಲ್ಲಿ ಕೂತು ನೋಡಿದೆ. ಮಂಚ, ಕೊಕ್ಕೆ, ಸ್ಟೂಲು, ಎಲ್ಲ ಒಂದೊಂದಾಗಿ ಹೊರಗೆ ಬಂದವು. ಅವನು ತಲೆ ತಗ್ಗಿಸಿ ನಿಂತಿದ್ದ. ಹತ್ತಿರ ಹೋಗಿ ಏನಾದರೂ ಅನ್ನಬೇಕೆಂದು ತಿಂಗಳುಗಟ್ಟಲೆ ಮಾತು ಕೂಡಿಟ್ಟಿದ್ದೆ. ಟೀ ಕುಡಿದು ಮುಗಿಸಿದೆ. ಸುಖವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಸುಖವಾಯಿತು. ಆದರೆ ಅಂದೂ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಅದೇ ಪೈಪು, ಅದೇ ಕೆಂಪು. ಈ ಬಾಗಿಲು ಮುಚ್ಚಿದರೆ ಇನ್ನೊಂದು ತೆಗೆಯುತ್ತಾನೆ ಅನ್ನಿಸುತ್ತಿತ್ತು.

ತೆಗೆದ. ಕೇಸು ಇನ್ನೂ ಕೋರ್ಟು ಮುಟ್ಟುವ ಮೊದಲೇ ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ಬೇರೆ ಬೋರ್ಡು ಹಾಕಿಕೊಂಡು ಕೂತಿದ್ದಾನೆ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ಮತ್ತೆ ದೂರು ಬರೆದೆ. ಕಾಲೇಜು ಬಿಟ್ಟ ಮೇಲೆ ಆ ಊರಿಗೆ ಬಸ್ಸು ಹಿಡಿದು, ದೂರದಲ್ಲಿ ನಿಂತು, ಯಾರು ಒಳಗೆ ಹೋಗುತ್ತಾರೆ, ಯಾರು ತೋಳಿಗೆ ಹತ್ತಿ ಒತ್ತಿಕೊಂಡು ಬರುತ್ತಾರೆ ಎಂದು ನೋಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಅವ್ವ ಬೈದಳು. ಅವಳ ಮಾತ್ರೆ ಮುಗಿದು, ವೈರಸ್ ಇಲ್ಲವೆಂದು ವರದಿ ಬಂದಿತ್ತು. ಚಿಕ್ಕಮ್ಮನದೂ ಹಾಗೇ. ಅವ್ವನ ಲಿವರು ಮಾತ್ರ ಗಟ್ಟಿಯಾದದ್ದು ಗಟ್ಟಿಯೇ, ಆರು ತಿಂಗಳಿಗೊಮ್ಮೆ ಮಂಡ್ಯಕ್ಕೆ ಹೋಗಿ ತೋರಿಸಬೇಕು. "ನಂದು ಓಯ್ತಲ್ಲ, ನೀನ್ಯಾಕೆ ಇನ್ನೂ ಇಡ್ಕಂಡಿದೀಯ?" ಅನ್ನುತ್ತಿದ್ದಳು. ನನಗೆ ಬಿಡಲು ಬರುತ್ತಿರಲಿಲ್ಲ.

ಒಂದು ದಿನ ಎಂದಿನಂತೆ ಆ ಊರಿಗೆ ಹೋದಾಗ ಕ್ಲಿನಿಕ್ಕಿನ ಮುಂದೆ ಹೆಂಗಸರ ಗುಂಪು. ಮಧ್ಯದಲ್ಲಿ ಕಲ್ಲುಬೆಂಚಿನ ಮೇಲೆ, ಎಲೆಅಡಿಕೆ ಹಾಕಿಕೊಂಡು, ಚಿಕ್ಕಮ್ಮ. ನನಗೆ ಹೇಳದೆ, ಎರಡು ಬಸ್ಸು ಬದಲಿಸಿ ಬಂದಿದ್ದಳು.

"ಸೂಜಿ ಬದಲಾಯಿಸ್ತಾನೆ, ನಿಜ," ಅನ್ನುತ್ತಿದ್ದಳು. "ಪೈಪ್ ಕೇಳಿ ನೀವು. ಪೈಪ್ ತೋರ್ಸು ಅನ್ನಿ. ನನ್ ಗೆಣೆಕಾರ್ತಿ ರಕ್ತ ನನ್ ಮೈಗೆ ಬಂದಿದ್ದು ಆ ಪೈಪಲ್ಲೇಯ. ನೋಡಿ ನನ್ ತೋಳು. ನನ್ ಮೊಮ್ಮಗಳನ್ನ ಉಳಿಸ್ದೋನು ಇವನು, ಅದನ್ನೂ ಏಳ್ತೀನಿ, ಸುಳ್ಳಾಡಕಿಲ್ಲ. ನನ್ನ ಸಾಯ್ಸಕ್ಕೆ ಓಗಿದ್ದೋನೂ ಇವನೇಯ. ಎರಡೂ ಕೇಳ್ಕಂಡು ಒಳೀಕ್ ಓಗಿ."

ಯಾರೂ ಒಳಗೆ ಹೋಗಲಿಲ್ಲ. ಅವನು ಕಿಟಕಿಯಿಂದ ಇಣುಕಿದ. ಚಿಕ್ಕಮ್ಮ ಕೈ ಬೀಸಿ ಕರೆದಳು, "ಬಾರ್ಲಾ, ಈಚಿಗ್ ಬಾ. ಇವತ್ತು ಫುಲ್ಲೋ, ಆಫೋ?" ಹೆಂಗಸರು ನಕ್ಕರು. ಅವನು ಕಿಟಕಿ ಹಾಕಿಕೊಂಡ.

ನನ್ನನ್ನು ಕಂಡು ಗದರಿದಳು. "ನೀನ್ಯಾಕ್ ಬಂದೆ? ಪಾಠ ಮಾಡಾಕಿಲ್ವಾ? ಓಗು, ನಾನು ಪ್ರತಿ ಸಂತೆ ದಿನಾನೂ ಬಂದು ಕುಂತ್ಕತೀನಿ. ನಂಗೇನ್ ಕೆಲ್ಸ, ಬೆಳೆ ಮುಗೀತು."

ಬಸ್ಸಿನಲ್ಲೇ ತೂಕಡಿಸಿದೆ. ಮನೆಗೆ ಬಂದು, ಮೊಸರನ್ನ ತಿಂದು, ತಟ್ಟೆ ತೊಳೆಯದೆ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಕಾಲ ಮೇಲಿತ್ತು, ಮೊದಲ ತರಗತಿಯ ಹೊತ್ತು ಮೀರಿತ್ತು.